ಮಧ್ಯಾಹ್ನದ ಮೋಡ, ಕಾಣದ ಬೆಟ್ಟ: ನ್ಯೂಗಿನಿಯಿಂದ ನೀಲಗಿರಿಯವರೆಗೆ ವಿಮಾನ ಅವಘಡಗಳ ಹಿನ್ನೆಲೆ

ಉಷ್ಣವಲಯದ ಗುಡ್ಡಗಾಡುಗಳಿಗೆ ವಿಮಾನ ಬಂದದ್ದು ಪ್ರಯಾಣಿಕರ ಅನುಕೂಲಕ್ಕಾಗಿ ಅಲ್ಲ. ರಸ್ತೆ ಕಡಿಯಲಾಗದ ಕಡೆಗೂ ಸರಕು ಮುಟ್ಟಿಸಬೇಕಾಗಿದ್ದರಿಂದ. 1926ರಲ್ಲಿ ಆಸ್ಟ್ರೇಲಿಯಾದ ಉತ್ತರಕ್ಕಿರುವ ನ್ಯೂಗಿನಿ ದ್ವೀಪದ ಎಡೀ ಕ್ರೀಕ್‌ನಲ್ಲಿ ಹೇರಳವಾಗಿ ಚಿನ್ನ ಸಿಕ್ಕಿತು. ಕರಾವಳಿಯ ಸಲಮೌವಾದಿಂದ ಅಲ್ಲಿಗೆ ಹೋಗಲು ಆಳುಗಳ ತಲೆಯ ಮೇಲೆ ಹೊರೆ ಹೊರಿಸಿಕೊಂಡು ಸುಮಾರು ಒಂದು ವಾರ ಕಾಡುಬೆಟ್ಟಗಳನ್ನು ಹತ್ತಿಳಿಯಬೇಕಿತ್ತು. ಮರುವರ್ಷ ಏಪ್ರಿಲ್‌ನಲ್ಲಿ ಗಿನಿ ಗೋಲ್ಡ್ ಸಂಸ್ಥೆಯ ಪೈಲಟ್ ಮಸ್ಟರ್, ಡಿ ಹ್ಯಾವಿಲ್ಯಾಂಡ್ ವಿಮಾನವೊಂದನ್ನು ಕರಾವಳಿಯ ಲಾಯೆಯಿಂದ ಚಿನ್ನದ ನೆಲೆಗಳ ಬಳಿಯ ವಾವುವಿಗೆ ಹಾರಿಸಿದಾಗ ಆ ಪ್ರಯಾಣ ಒಂದು ಗಂಟೆಯೊಳಗಿನ ಮಾತಾಯಿತು. ಕೆಲವೇ ವರ್ಷಗಳಲ್ಲಿ, ನದಿಯ ತಳದಿಂದ ಚಿನ್ನ ಬಗೆಯುವ ಬೃಹತ್ ಡ್ರೆಡ್ಜರ್‌ಗಳನ್ನೇ ಬಿಡಿ ಬಿಡಿಯಾಗಿ ಕಳಚಿ, ಜಂಕರ್ಸ್ ವಿಮಾನಗಳ ಚಾವಣಿಯ ಬಾಗಿಲಿನಿಂದ ಕ್ರೇನ್ ಮೂಲಕ ಇಳಿಸಿ ತುಂಬಿ, ಬುಲೋಲೋ ಕಣಿವೆಗೆ ಸಾಗಿಸಲಾಯಿತು.

ಹೀಗೆ ಗಳಿಕೆಯ ಒತ್ತಡದಲ್ಲಿ ಹುಟ್ಟಿದ ಹಾರಾಟಕ್ಕೆ ನಿಲ್ದಾಣಗಳೂ ತಕ್ಕಂತೆಯೇ ಇದ್ದವು. ವಾವುವಿನ ಓಡುದಾರಿ ಹುಲ್ಲು ಬೆಳೆದ ಒಂದು ಇಳಿಜಾರು. ಸುಮಾರು 3,100 ಅಡಿ ಉದ್ದದ ಆ ಹುಲ್ಲುಹಾಸು ಹತ್ತಕ್ಕೆ ಒಂದರಂತೆ ಏರುತ್ತಾ ಹೋಗಿ ನೇರವಾಗಿ ಕೈಂಡಿ ಬೆಟ್ಟದ ಬುಡಕ್ಕೆ ಮುಟ್ಟುತ್ತಿತ್ತು. ಏರುಮುಖವಾಗಿ ಇಳಿಯಬೇಕು, ಇಳಿಮುಖವಾಗಿ ಏರಬೇಕು. ಇಳಿಯುವಾಗ ಅಂದಾಜು ತಪ್ಪಿದರೆ ಮತ್ತೊಂದು ಸುತ್ತು ಹಾಕಲು ಎದುರಿನ ಬೆಟ್ಟ ಬಿಡುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಗಾಳಿಯದು. ಸಮುದ್ರಮಟ್ಟದಿಂದ 1,100 ಮೀಟರ್ ಎತ್ತರದ ನಿಲ್ದಾಣದಲ್ಲಿ ಉಷ್ಣಾಂಶ 30 ಡಿಗ್ರಿ ಸೆಲ್ಸಿಯಸ್ ಇದ್ದರೆ, ಗಾಳಿ ಎಷ್ಟು ತೆಳುವಾಗುತ್ತದೆಂದರೆ ರೆಕ್ಕೆ ಮತ್ತು ಎಂಜಿನ್‌ಗಳ ಪಾಲಿಗೆ ಅದು ಹೆಚ್ಚು ಕಡಿಮೆ 1,900 ಮೀಟರ್ ಎತ್ತರದ ಜಾಗವೇ ಸರಿ. ವಿಮಾನ ನಿಧಾನವಾಗಿ ಏರುತ್ತದೆ. ವೇಗಸೂಚಿಯ ಮುಳ್ಳು ಎಂದಿನ ಅಂಕಿಯನ್ನೇ ತೋರಿಸುತ್ತಿದ್ದರೂ ನಿಜವಾದ ವೇಗ ಅದಕ್ಕಿಂತ ಹೆಚ್ಚಾಗಿರುತ್ತದೆ. ಹಾಗಾಗಿ ತಿರುಗಲು ಬೇಕಾಗುವ ಜಾಗವೂ ಹಿಗ್ಗುತ್ತದೆ. ಬೆಳಿಗ್ಗೆ ತಿಳಿಯಾಗಿದ್ದ ಕಣಿವೆಯಲ್ಲಿ ಬಿಸಿಲು ಏರಿದಂತೆ ತೇವದ ಗಾಳಿ ಬೆಟ್ಟದ ಮೈಯನ್ನು ಹಿಡಿದು ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ಶಿಖರಗಳನ್ನೂ ಅವುಗಳ ನಡುವಿನ ಕಂಡಿಗಳನ್ನೂ ಮೋಡದಿಂದ ಮುಚ್ಚಿಬಿಡುತ್ತದೆ. ಆ ಮೋಡದ ಅಡಿಯಲ್ಲಿ ಕಣಿವೆ ಹಿಡಿದು ಹೊರಟ ಪೈಲಟ್‌ಗೆ ಕೆಳಗಿನ ನೆಲ ಏರುತ್ತಿರುವುದು, ಎರಡೂ ಬದಿಯ ಗೋಡೆಗಳು ಹತ್ತಿರವಾಗುತ್ತಿರುವುದು ಅರಿವಿಗೆ ಬರುವಷ್ಟರಲ್ಲಿ ಹಿಂತಿರುಗಲು ಜಾಗ ಉಳಿದಿರುವುದಿಲ್ಲ. ಆರಂಭದ ಅವಘಡಗಳ ವಿವರಗಳಲ್ಲಿ ಪೈಲಟ್‌ನ ದುಡುಕನ್ನು ದೂರುವುದು ವಾಡಿಕೆಯಾಗಿತ್ತು. ದುಡುಕು ಇರಲಿಲ್ಲವೆಂದಲ್ಲ, ಆದರೆ ಈ ಲೆಕ್ಕವನ್ನು ಬದಿಗಿಟ್ಟು ದುಡುಕನ್ನಷ್ಟೇ ಹೇಳುವುದು ಅರ್ಧ ಸತ್ಯ.

ಉಳಿದರ್ಧ ಸತ್ಯವನ್ನು ಬಹುಪಾಲು ಕಾಡೇ ಬಚ್ಚಿಟ್ಟಿತು. ಬಯಲಿನಲ್ಲಿ ಬಿದ್ದ ವಿಮಾನದ ಅವಶೇಷವನ್ನು ಪರೀಕ್ಷಿಸಬಹುದು. ದಟ್ಟವಾದ ಮಳೆಕಾಡಿನಲ್ಲಿ ಬಿದ್ದದ್ದು ಮೇಲಿನಿಂದ ಕಾಣುವುದೇ ಇಲ್ಲ. 1937ರ ಫೆಬ್ರುವರಿ 19ರಂದು ಬ್ರಿಸ್ಬೇನ್‌ನಿಂದ ಸಿಡ್ನಿಗೆ ಹೊರಟ ಸ್ಟಿನ್ಸನ್ ವಿಮಾನವೊಂದು ಏಳು ಜನರೊಡನೆ ಕಾಣೆಯಾಯಿತು. ಅದು ಬಿದ್ದದ್ದು ಉಷ್ಣವಲಯದ ಅಂಚಿಗಿರುವ ಮೆಕ್‌ಫರ್ಸನ್ ಬೆಟ್ಟಸಾಲಿನಲ್ಲಿ. ಆದರೆ ಅದರ ಸದ್ದು ಕೇಳಿತೆಂದು ಜನ ಹೇಳಿದ್ದನ್ನು ನಂಬಿ ಹೆಚ್ಚಿನ ಹುಡುಕಾಟ ಸಿಡ್ನಿಯ ಕಡೆಗೇ ನಡೆಯಿತು. ಬೆಟ್ಟದ ನಿವಾಸಿ ಬರ್ನಾರ್ಡ್ ಓರೈಲಿ ಇದನ್ನು ಒಪ್ಪದೆ, ವಿಮಾನದ ದಾರಿಯನ್ನು ನಕ್ಷೆಯಲ್ಲಿ ಗೆರೆ ಎಳೆದು ನೋಡಿ ಒಬ್ಬನೇ ಕಾಡು ಹೊಕ್ಕ. ಹಸಿರಿನ ನಡುವೆ ದೂರದಲ್ಲಿ ಸುಟ್ಟು ಕಂದಾಗಿದ್ದ ಒಂದು ಮರದ ತುದಿ ಅವನ ಕಣ್ಣಿಗೆ ಬಿತ್ತು. ಅದರ ಜಾಡು ಹಿಡಿದು ಹೋದಾಗ ಬದುಕಿದ್ದ ಇಬ್ಬರು ಸಿಕ್ಕರು. ಅಷ್ಟರಲ್ಲಿ ಒಂಬತ್ತು ದಿನಗಳು ಕಳೆದಿದ್ದವು. ನೆರವು ತರಲೆಂದು ಹೊರಟಿದ್ದ ಮೂರನೆಯವನು ದಾರಿಯಲ್ಲೇ ಪ್ರಾಣ ಬಿಟ್ಟಿದ್ದ.

ಯುದ್ಧಕಾಲದಲ್ಲಿ ಹಾರಾಟದ ಜೊತೆಗೆ ಅವಘಡಗಳೂ ಹೆಚ್ಚಿದವು. ಅವುಗಳಲ್ಲಿ ಹೆಚ್ಚು ದಾಖಲಾದದ್ದು 1945ರ ಮೇ 13ರದು. ಅಂದು ಮಧ್ಯಾಹ್ನದ ನಂತರ ನ್ಯೂಗಿನಿಯ ಹಾಲಾಂಡಿಯಾ ನೆಲೆಯಿಂದ ಅಮೆರಿಕದ ಸೈನ್ಯದ ಸಿ-47 ವಿಮಾನವೊಂದು 24 ಜನರನ್ನು ಕೂರಿಸಿಕೊಂಡು, ಹೊರಜಗತ್ತಿಗೆ ಹೆಚ್ಚು ಪರಿಚಯವಿಲ್ಲದ ಬಾಲಿಯಂ ಕಣಿವೆಯನ್ನು ನೋಡಿಬರಲು ಹೊರಟಿತು. ಯುದ್ಧಕ್ಕೂ ಈ ಹಾರಾಟಕ್ಕೂ ಸಂಬಂಧವಿರಲಿಲ್ಲ. ಇದು ನೆಲೆಯ ಸಿಬ್ಬಂದಿಗೆ ಏರ್ಪಡಿಸಿದ್ದ ವಿಹಾರ. ಹಿರಿಯ ಪೈಲಟ್ ಚಾಲನೆಯನ್ನು ಸಹ ಪೈಲಟ್‌ಗೆ ಬಿಟ್ಟು ಹಿಂದಕ್ಕೆ ಹೋಗಿದ್ದ. ಮೋಡ ಕವಿದ ಇಕ್ಕಟ್ಟಿನಲ್ಲಿ ತಗ್ಗಾಗಿ ಹಾರುತ್ತಿದ್ದ ವಿಮಾನ ಬೆಟ್ಟಕ್ಕೆ ಅಪ್ಪಳಿಸಿತು. ಕೊನೆಗೆ ಉಳಿದವರು ಮಾರ್ಗರೆಟ್ ಹೇಸ್ಟಿಂಗ್ಸ್, ಜಾನ್ ಮೆಕಾಲಮ್, ಕೆನೆತ್ ಡೆಕರ್ ಎಂಬ ಮೂವರು ಮಾತ್ರ. ಸುಟ್ಟ ಗಾಯಗಳೊಂದಿಗೆ, ಸಕ್ಕರೆ ಮಿಠಾಯಿ ಚೀಪುತ್ತಾ ಹಳ್ಳದ ಗುಂಟ ಇಳಿದ ಅವರು ಒಂದು ತೆರವಿನಲ್ಲಿ ಹಳದಿ ಟಾರ್ಪಾಲಿನ್ ಹಾಸಿದ ಮೇಲೆಯೇ ಹುಡುಕುತ್ತಿದ್ದ ವಿಮಾನಕ್ಕೆ ಕಂಡದ್ದು. ಆ ಕಣಿವೆಯಲ್ಲಿ ವಿಮಾನ ಇಳಿಸಲಾಗದ್ದರಿಂದ ಸೈನಿಕರು ಪ್ಯಾರಾಚೂಟ್‌ನಲ್ಲಿ ಧುಮುಕಿದರು. ಆರು ವಾರಗಳು ಕಳೆದ ಮೇಲೆ ಎಂಜಿನ್ ಇಲ್ಲದ ಗ್ಲೈಡರ್ ಒಂದನ್ನು ಕಣಿವೆಯಲ್ಲಿ ಇಳಿಸಿ, ತಗ್ಗಾಗಿ ಹಾರಿಬಂದ ವಿಮಾನದ ಕೊಕ್ಕೆಗೆ ಅದರ ಹಗ್ಗ ಸಿಕ್ಕಿಸಿ, ಮೂವರನ್ನೂ ಮೇಲೆತ್ತಲಾಯಿತು. ಈ ಸಾಹಸದ ಕಥೆಯನ್ನು ಪತ್ರಿಕೆಗಳು ಸಡಗರದಿಂದ ಬರೆದವು; 21 ಸಾವುಗಳಿಗೆ ಕಾರಣವಾದ ಹಾರಾಟವನ್ನು ಆ ಹೊತ್ತಿನಲ್ಲಿ ಏಕೆ ಕೈಗೊಳ್ಳಲಾಯಿತು ಎಂಬ ಪ್ರಶ್ನೆ ಆ ಸಡಗರದಲ್ಲಿ ಹಿಂದೆ ಸರಿಯಿತು.

ನಮ್ಮ ನೆರೆಯ ನೀಲಗಿರಿಯೂ ಈ ಚರಿತ್ರೆಯಲ್ಲಿದೆ. 1950ರ ಡಿಸೆಂಬರ್ 13ರಂದು ಮುಂಬೈಯಿಂದ ಕೊಯಮತ್ತೂರಿಗೆ ಬರುತ್ತಿದ್ದ ಏರ್ ಇಂಡಿಯಾದ ಡಕೋಟಾ ವಿಮಾನ ಕೋಟಗಿರಿಯ ಬಳಿ ಬೆಟ್ಟಕ್ಕೆ ಬಡಿದು ಅದರಲ್ಲಿದ್ದ 21 ಜನರೂ ಸತ್ತರು. ಅವರಲ್ಲಿ ಉಪನ್ಯಾಸ ಪ್ರವಾಸಕ್ಕೆ ಬಂದಿದ್ದ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್ ಮತ್ತು ಅವರ ಪತ್ನಿ ಇದ್ದರು. ಯುದ್ಧದ ದಿನಗಳಲ್ಲಿ, ಗುಂಡೇಟು ತಿಂದು ಮರಳಿದ ಬಾಂಬರ್‌ಗಳನ್ನು ನೋಡಿ ಎಲ್ಲಿ ಕವಚ ಹಾಕಬೇಕೆಂದು ನಿರ್ಧರಿಸುವಾಗ, ಮರಳದೇ ಹೋದ ವಿಮಾನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ತೋರಿಸಿಕೊಟ್ಟವರು ವಾಲ್ಡ್. ಮರಳಿದವುಗಳ ಮೈಯಲ್ಲಿ ಗುಂಡಿನ ತೂತು ಕಾಣದ ಭಾಗಕ್ಕೇ ಏಟು ಬಿದ್ದರೆ ವಿಮಾನ ಉಳಿಯುವುದಿಲ್ಲ ಎಂಬುದು ಅವರ ತರ್ಕ. ಬೆಟ್ಟನಾಡಿನ ಹಾರಾಟದ ಅನುಭವಕ್ಕೂ ಅದು ಒಪ್ಪುತ್ತದೆ: ಮೋಡದ ಕಂಡಿಯಲ್ಲಿ ನುಸುಳಿ ಪಾರಾದವರ ಕಥೆಗಳಿಂದಲೇ ಹೊಸಬರು ಕಲಿತರು, ಪಾರಾಗದವರ ಪಾಠ ಕಾಡಿನಲ್ಲೇ ಉಳಿಯಿತು. ವಿಮಾನ ಅಪಘಾತಗಳ ತನಿಖೆಗೆ ಅಂತರರಾಷ್ಟ್ರೀಯ ನಿಯಮಾವಳಿಯನ್ನು ಅಂಗೀಕರಿಸಿದ್ದು 1951ರಲ್ಲಿ.

ನೆಲ ಹತ್ತಿರವಾದಾಗ ಎಚ್ಚರಿಸುವ ಉಪಕರಣವನ್ನು ಡಾನ್ ಬೇಟ್‌ಮನ್ ರೂಪಿಸಿ ಅದು ದೊಡ್ಡ ವಿಮಾನಗಳಿಗೆ ಕಡ್ಡಾಯವಾದದ್ದು 1970ರ ದಶಕದಲ್ಲಿ. ಅದು ನೇರ ಕೆಳಗಿನ ನೆಲವನ್ನಷ್ಟೇ ಅಳೆಯುತ್ತಿದ್ದುದರಿಂದ ಎದುರಿಗೆ ಕಡಿದಾಗಿ ನಿಂತ ಬೆಟ್ಟದ ಬಗ್ಗೆ ತಡವಾಗಿ ಎಚ್ಚರಿಸುತ್ತಿತ್ತು. 1995ರ ಡಿಸೆಂಬರ್‌ನಲ್ಲಿ ಕೊಲಂಬಿಯಾದ ಕಾಲಿ ನಗರದ ಸಮೀಪ ಅಮೆರಿಕನ್ ಏರ್‌ಲೈನ್ಸ್ ವಿಮಾನದಲ್ಲಿ ಅದು ಕೂಗಿಕೊಂಡಾಗ ಉಳಿದಿದ್ದ ಸಮಯ ಸಾಲದೆ 159 ಜನ ಸತ್ತರು. ಎದುರಿನ ಭೂಮಿಯನ್ನು ಮುಂಚಿತವಾಗಿ ಅರಿಯಲು ನಂಬಿಕಾರ್ಹ ನಕ್ಷೆ ಬೇಕು. ಸದಾ ಮೋಡ ಮುಸುಕಿದ ನಾಡುಗಳನ್ನು ವಿಮಾನದಿಂದ ಛಾಯಾಚಿತ್ರ ತೆಗೆದು ಅಳೆಯುವುದು ಕಷ್ಟ. ಮೋಡವನ್ನು ಭೇದಿಸುವ ರೇಡಾರ್‌ನಿಂದ 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯೊಂದು ಭೂಮಿಯ ಬಹುಭಾಗದ ಎತ್ತರಗಳನ್ನು ಅಳೆದ ಮೇಲೆ ಆ ಕೊರತೆ ದೊಡ್ಡ ಮಟ್ಟಿಗೆ ತುಂಬಿತು. ಅದಾಗಿ ಒಂಬತ್ತು ವರ್ಷಗಳಿಗೆ, 2009ರ ಆಗಸ್ಟ್ 11ರಂದು, ಪಾಪುವಾ ನ್ಯೂಗಿನಿಯ ಪೋರ್ಟ್ ಮೋರ್ಸ್‌ಬಿಯಿಂದ ಕೊಕೋಡಾಕ್ಕೆ ಹೊರಟ ಟ್ವಿನ್ ಆಟರ್ ವಿಮಾನ ಮೋಡ ಮುಚ್ಚಿದ ಓವನ್ ಸ್ಟ್ಯಾನ್ಲಿ ಬೆಟ್ಟಸಾಲಿನಲ್ಲಿ ಬಿದ್ದು, ಅದರಲ್ಲಿದ್ದ 13 ಜನರೂ ಸತ್ತರು. ಅದು ಅರ್ಧ ಗಂಟೆಯ ಪ್ರಯಾಣ. ಅವಶೇಷ ಪತ್ತೆಯಾದದ್ದು ಮರುದಿನ.