ಸೊಪ್ಪಿನ ಹೊರೆ ಹೊತ್ತ ಟ್ಯಾಂಕ್

ಹೋದ ಜುಲೈನಲ್ಲಿ ನಮ್ಮ ತೋಟದ ದಾರಿಯಲ್ಲಿ ಒಂದು ಪಿಕಪ್ ಹುಗಿಯಿತು. ತೀರ್ಥಹಳ್ಳಿ ಕಡೆಯ ಮಳೆಗಾಲ ನೋಡಿದವರಿಗೆ ಇದೇನೂ ಸುದ್ದಿಯಲ್ಲ. ಗಾಡಿ ತುಂಬ ಗೊಬ್ಬರದ ಚೀಲ, ದಾರಿಗೆ ಅಡ್ಡಲಾಗಿ ಮಳೆನೀರು ಕೊರೆದ ಕಾಲುವೆ, ಮುಂದಿನ ಚಕ್ರ ಅದರೊಳಗೆ. ಡ್ರೈವರ್ ಎಕ್ಸಲರೇಟರ್ ಒತ್ತಿದಷ್ಟೂ ಗಾಡಿ ಕೆಳಗೇ ಇಳಿಯಿತು. ಕೊನೆಗೆ ಪಕ್ಕದ ಮನೆ ಭಾವ ಕತ್ತಿ ಹಿಡಿದು ಬಂದರು. "ಸುಮ್ನೆ ಯಾಕೆ ಒತ್ತುತ್ತೀಯ ಮಾರಾಯ, ಇಳಿ ಕೆಳಗೆ" ಎಂದರು. ಬೇಲಿಬದಿಯ ಸೊಪ್ಪು ಸವರಿದರು. ದೊಡ್ಡ ಹೊರೆ ಕಟ್ಟಿ ಕಾಲುವೆಗೆ ತುರುಕಿದರು. ಮೇಲೆ ಎರಡು ಅಡಿಕೆ ದಬ್ಬೆ ಹಾಸಿದರು. ಗಾಡಿ ಹತ್ತಿತು.

"ಭಾವ, ನೀವು ಈಗ ಮಾಡಿದ್ದು ಕಾಂಬ್ರೆ ಯುದ್ಧದ ಉಪಾಯ" ಎಂದೆ. ಅವರು ನನ್ನನ್ನೊಮ್ಮೆ ನೋಡಿ, ಕವಳ ಉಗಿದು, ಮನೆಗೆ ನಡೆದರು. ಅವರಿಗೆ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

1917ರ ನವೆಂಬರ್ 20. ಫ್ರಾನ್ಸಿನ ಕಾಂಬ್ರೆ ಊರಿನ ಹತ್ತಿರ ಬ್ರಿಟಿಷರ ಟ್ಯಾಂಕ್‌ಗಳು ಜರ್ಮನ್ನರ ಮೇಲೆ ನುಗ್ಗಿದವು. ಅಡ್ಡ ಇದ್ದದ್ದು ಅಗಳು. ನಮ್ಮಲ್ಲಿ ತೋಟಕ್ಕೆ ದನ ನುಗ್ಗದಂತೆ ತೆಗೆಯುವ ಅಗಳಿನಂಥದ್ದೇ, ಆದರೆ ಟ್ಯಾಂಕ್ ದಾಟಲಾಗದಷ್ಟು ಅಗಲ. ಅದಕ್ಕೆ ಬ್ರಿಟಿಷರು ಹುಡುಕಿದ ಮದ್ದು ಕಟ್ಟಿಗೆ ಹೊರೆ. ಸಣ್ಣ ಸಣ್ಣ ಕೊಂಬೆಗಳ ಕಟ್ಟುಗಳನ್ನು ಒಟ್ಟಿಗೆ ಸೇರಿಸಿ, ಸರಪಳಿ ಸುತ್ತಿ, ಸರಪಳಿಯ ಎರಡು ತುದಿಗಳನ್ನು ಎರಡು ಟ್ಯಾಂಕ್‌ಗಳಿಂದ ಎದುರುಬದುರು ದಿಕ್ಕಿಗೆ ಎಳೆಸಿ ಬಿಗಿದರು. ಒಂದೊಂದು ಹೊರೆ ಸುಮಾರು ಒಂದೂಮುಕ್ಕಾಲು ಟನ್. ಕಟ್ಟುವ ಕೆಲಸಕ್ಕೆ ಚೀನಾದಿಂದ ಕರೆತಂದ ಕೂಲಿಯಾಳುಗಳಿದ್ದರು. ಪ್ರತಿ ಟ್ಯಾಂಕಿನ ನೆತ್ತಿಯ ಮೇಲೆ ಒಂದು ಹೊರೆ. ಅಗಳಿನ ಅಂಚಿಗೆ ಬಂದಾಗ ಅದನ್ನು ಕೆಳಗೆ ಬೀಳಿಸಿ, ಅದರ ಮೇಲೇ ಹತ್ತಿ ದಾಟಿದರು. ಮೂರು ಟ್ಯಾಂಕ್‌ಗಳ ಗುಂಪು, ಮೂರು ಹೊರೆ, ಒಂದರ ಹಿಂದೆ ಒಂದು ಅಗಳು.

ಯುದ್ಧ ಎಂದರೆ ಗುಂಡು ಹೊಡೆಯುವುದು ಎಂದೇ ಎಲ್ಲರೂ ತಿಳಿದಿದ್ದಾರೆ. ನನಗೆ ಇದೊಂದು ಸಿಟ್ಟು. ತೋಪಿನ ಉದ್ದ, ಗುಂಡಿನ ವೇಗ ಬಾಯಿಪಾಠ ಒಪ್ಪಿಸುವ ಹುಡುಗರಿಗೆ "ಆ ಟ್ಯಾಂಕ್ ಅಲ್ಲಿಗೆ ಹೋಗಿದ್ದು ಹೇಗೆ?" ಎಂದು ಕೇಳಿದರೆ ಉತ್ತರ ಇಲ್ಲ. ದಾರಿ ಇದ್ದರೆ ತಾನೇ ಹೋಗುವುದು? ಆ ದಾರಿ ಮಾಡಲೆಂದೇ ಉಕ್ಕಿನ ಕವಚ ತೊಟ್ಟ ಬೇರೆ ಜಾತಿಯ ಗಾಡಿಗಳಿವೆ. ಸೇತುವೆ ಹೊರುವುದು, ಮಣ್ಣು ದೂಡುವುದು, ಗೋಡೆ ಒಡೆಯುವುದು, ನೆಲಬಾಂಬ್ ಎಬ್ಬಿಸುವುದು ಅವುಗಳ ಕೆಲಸ.

ಇವುಗಳ ವಿಜ್ಞಾನದ ಬುಡ ಒಂದೇ. ಭಾರವನ್ನು ಜಾಗದಿಂದ ಭಾಗಿಸಿ, ಅಷ್ಟೆ. ನಲವತ್ತು ಟನ್ ಮೀರಿದ ಟಿ-72 ಟ್ಯಾಂಕ್ ನೆಲದ ಮೇಲೆ ಹಾಕುವ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕೆಜಿಗಿಂತ ಕಮ್ಮಿ. ಸಾಧಾರಣ ಕಾರಿನ ಟೈರು ಹಾಕುವುದು ಅದರ ಎರಡು ಪಟ್ಟಿಗೂ ಜಾಸ್ತಿ! ಟ್ಯಾಂಕಿನ ಭಾರ ಅದರ ಚಕ್ರಗಳಿಗೆ ಸುತ್ತಿದ ಉದ್ದನೆಯ ಉಕ್ಕಿನ ಪಟ್ಟಿಯ ಮೇಲೆ ಹಂಚಿಹೋಗುತ್ತದೆ, ಕಾರಿನದು ನಾಲ್ಕು ಅಂಗೈಯಷ್ಟು ಜಾಗದಲ್ಲಿ ಕೂರುತ್ತದೆ. ಭಾವನ ಅಡಿಕೆ ದಬ್ಬೆ ಮಾಡಿದ್ದೂ ಈ ಹಂಚಿಕೆಯನ್ನೇ. ಅಂದಹಾಗೆ ಆ ಪಿಕಪ್ಪಿನ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿಯ ಸರ ನೇತಾಡುತ್ತಿತ್ತು. ಚದರ ಸೆಂಟಿಮೀಟರಿನ ಲೆಕ್ಕ ಅದಕ್ಕೆ ಗೊತ್ತಿರಲಿಲ್ಲ.

ನಮ್ಮ ಸೈನ್ಯದಲ್ಲಿ ಈ ಲೆಕ್ಕ ಹಾಕಲೆಂದೇ ಒಂದು ಗಾಡಿ ಇದೆ. ಸೈನಿಕರನ್ನು ಹೊತ್ತೊಯ್ಯುವ ಬಿಎಂಪಿ-2 ಎಂಬ ಕವಚದ ಗಾಡಿಯ ಮೇಲೆ ಪುಣೆಯ ಡಿಆರ್‌ಡಿಒ ಪ್ರಯೋಗಾಲಯ ರೂಪಿಸಿದ್ದು, 2021ರ ಡಿಸೆಂಬರಿನಲ್ಲಿ ಸೇನೆ ಸೇರಿತು. ಹೊಳೆಯ ಆಳ, ನೀರಿನ ಸೆಳೆತ, ದಡದ ಮಣ್ಣು ಎಷ್ಟು ಭಾರ ತಡೆಯುತ್ತದೆ ಎಂದು ಅಳೆದು ಹೇಳುತ್ತದೆ. ನಾವು ಗದ್ದೆ ಅಂಚಿನಲ್ಲಿ ಕೋಲು ಚುಚ್ಚಿ ನೋಡುವುದಿಲ್ಲವೇ, ಅದೇ. ಇನ್ನು ಸಂಕ ಹಾಕುವವು ಬೇರೆ. ಟಿ-72ರ ಬೆನ್ನ ಮೇಲೆ ಮಡಚಿಟ್ಟ 20 ಮೀಟರಿನ ಸಂಕ, ಒಳಗೆ ಕೂತವರು ಹೊರಗೆ ಕಾಲಿಡದೆ ಬಿಡಿಸಿ ಹಾಸುತ್ತಾರೆ.

ಹೊರಗೆ ಕಾಲಿಡದೆ ಎನ್ನುವುದು ಇಲ್ಲಿ ಮುಖ್ಯ. 1942ರ ಆಗಸ್ಟ್ 19ರಂದು ಫ್ರಾನ್ಸಿನ ದಿಯೆಪ್ ಕಡಲತೀರದಲ್ಲಿ ಕೆನಡಾದ ಸೈನಿಕರು ಇಳಿದಾಗ, ಕಾಂಕ್ರೀಟ್ ತಡೆಗಳನ್ನು ಒಡೆಯಬೇಕಿದ್ದ ಎಂಜಿನಿಯರುಗಳು ಬಯಲಿನಲ್ಲಿ ಗುಂಡಿಗೆ ಸಿಕ್ಕರು. ತಡೆ ಉಳಿಯಿತು, ಟ್ಯಾಂಕ್‌ಗಳು ಊರೊಳಗೆ ಹೋಗಲಾಗಲಿಲ್ಲ. ಎಂಜಿನಿಯರನ್ನೇ ಟ್ಯಾಂಕಿನೊಳಗೆ ಕೂರಿಸಿದರೆ ಹೇಗೆ ಎಂಬ ಯೋಚನೆ ಹುಟ್ಟಿದ್ದು ಅಲ್ಲಿಂದ. ಎರಡು ವರ್ಷದೊಳಗೆ ಪರ್ಸಿ ಹೋಬಾರ್ಟ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ದಳದಲ್ಲಿ ಇಂಥ ವಿಚಿತ್ರ ಗಾಡಿಗಳ ಜಾತ್ರೆಯೇ ನೆರೆದಿತ್ತು. ಒಂದು 18 ಕೆಜಿಯಷ್ಟು ತೂಕದ ಮದ್ದಿನ ಡಬ್ಬಿ ಎಸೆದು ಗೋಡೆ ಒಡೆಯುತ್ತಿತ್ತು. ಇನ್ನೊಂದು ಮೆತ್ತನೆ ಮರಳಿನ ಮೇಲೆ ಚಾಪೆ ಬಿಚ್ಚುತ್ತಾ ಹೋಗುತ್ತಿತ್ತು. ಮತ್ತೊಂದು ನಮ್ಮವರು ಹುರುಳಿ ಬಡಿಯುವ ಹಾಗೆ ನೆಲ ಬಡಿಯುತ್ತಿತ್ತು! ಮುಂದೆ ತಿರುಗುವ ಉರುಳೆ, ಅದಕ್ಕೆ 43 ಸರಪಳಿ. ಗಂಟೆಗೆ ಎರಡೇ ಕಿಲೋಮೀಟರ್ ವೇಗದಲ್ಲಿ ಬಡಿಯುತ್ತಾ ಹೋದಂತೆ ನೆಲಬಾಂಬ್‌ಗಳು ತಮ್ಮಷ್ಟಕ್ಕೆ ಸಿಡಿಯುತ್ತಿದ್ದವು.

ನೆಲಬಾಂಬಿನ ಬಗ್ಗೆ ಸಿನಿಮಾಗಳು ಹಬ್ಬಿಸಿದ ಒಂದು ಸುಳ್ಳಿದೆ. ನಾಯಕ ಕಾಲಿಡುತ್ತಾನೆ, ಟಿಕ್ ಎನ್ನುತ್ತದೆ, ಕಾಲೆತ್ತುವ ತನಕ ಅದು ಕಾಯುತ್ತದೆ! ಬೆವರು, ಕಣ್ಣೀರು, ಫ್ಲ್ಯಾಶ್‌ಬ್ಯಾಕ್. ಒತ್ತಿದರೆ ಸಿಡಿಯುವ ಸಾಮಾನ್ಯ ನೆಲಬಾಂಬ್‌ಗಳು ಹೀಗೆ ಕಾಯುವುದಿಲ್ಲ. ಇನ್ನೊಂದು ತಪ್ಪು ತಿಳಿವಳಿಕೆ, ಎಲ್ಲಾ ನೆಲಬಾಂಬೂ ಒಂದೇ ಎನ್ನುವುದು. ಟ್ಯಾಂಕಿಗಾಗಿ ಹೂತದ್ದು ಸಾಮಾನ್ಯವಾಗಿ 150 ಕೆಜಿಗಿಂತ ಜಾಸ್ತಿ ಭಾರ ಬಿದ್ದರೆ ಮಾತ್ರ ಎಚ್ಚರವಾಗುತ್ತದೆ. ಮನುಷ್ಯ ನಡೆದರೆ ಸುಮ್ಮನಿರಬಹುದು. ಹಾಗಂತ ಯಾರೂ ಪರೀಕ್ಷೆ ಮಾಡಲು ಹೋಗಬೇಡಿ, ಪಕ್ಕದಲ್ಲೇ ಮನುಷ್ಯರಿಗೆಂದು ಚಿಕ್ಕದೊಂದನ್ನು ಹೂತಿಟ್ಟಿರುತ್ತಾರೆ.

ಭಾರ ಬಿದ್ದರೆ ಸಿಡಿಯುತ್ತದೆ ಎಂದ ಮೇಲೆ ಭಾರವನ್ನೇ ಮುಂದೆ ಕಳಿಸಿದರಾಯಿತು, ಅಲ್ವಾ? ಟ್ಯಾಂಕಿನ ಮುಂದೆ ಉಕ್ಕಿನ ಚಕ್ರಗಳನ್ನು ಉರುಳಿಸುವುದು ಹಾಗೇ ಬಂತು. ಅದಕ್ಕೆ ಬಾಂಬ್ ಮಾಡುವವರು ಕೊಟ್ಟ ಉತ್ತರ, ಮೊದಲ ಒತ್ತಿಗೆ ಮಿಸುಕದೆ ಎರಡನೆಯದಕ್ಕೆ ಸಿಡಿಯುವ ಬಾಂಬ್. ಉರುಳೆ ದಾಟಿಹೋಗುತ್ತದೆ, ಹಿಂದಿನ ಟ್ಯಾಂಕ್ ಸಿಕ್ಕಿಬೀಳುತ್ತದೆ.

ಈಗ ನನ್ನ ಮೆಚ್ಚಿನ ಸಾಧನಕ್ಕೆ ಬರುತ್ತೇನೆ. ನೇಗಿಲು. ಹೌದು, ಟ್ಯಾಂಕಿಗೆ ನೇಗಿಲು ಕಟ್ಟುತ್ತಾರೆ. ಆದರೆ ಅದು ಉಳುವುದಿಲ್ಲ, ಕೀಳುತ್ತದೆ. ಶುಂಠಿ ಕೀಳುವುದನ್ನು ನೋಡಿದ್ದೀರಲ್ಲ? ಸಾಗರ, ಸೊರಬದ ಕಡೆ ಯಾವ ಹೊಲಕ್ಕೆ ಹೋದರೂ ಕಾಣುತ್ತದೆ. ಮೇಲಿಂದ ಗುದ್ದಲಿ ಹಾಕಿದರೆ ಗೆಡ್ಡೆ ತುಂಡಾಗುತ್ತದೆ. ಬದಿಯಿಂದ ಅಡಿಗೆ ಹಾಕಿ ಎತ್ತಬೇಕು. ಮಣ್ಣು ಉದುರುತ್ತದೆ, ಗೆಡ್ಡೆ ಇಡಿಯಾಗಿ ಮೇಲೆ ಬರುತ್ತದೆ. ಈ ನೇಗಿಲಿಗೂ ಓರೆಯಾಗಿ ಜೋಡಿಸಿದ ಹಲ್ಲುಗಳಿವೆ. ಒಂದಡಿಯ ಹತ್ತಿರ ಆಳಕ್ಕೆ ಇಳಿದು ಬಾಂಬಿನ ತಳ ಸೇರುತ್ತವೆ. ಅದನ್ನು ಸಿಡಿಸುವ ಒತ್ತುತಟ್ಟೆ ಇರುವುದು ನೆತ್ತಿಯ ಮೇಲೆ. ತಳದಿಂದ ಎತ್ತಿದರೆ ನೆತ್ತಿಯ ಮೇಲಿರುವುದು ಬರಿ ಸಡಿಲ ಮಣ್ಣು. ಕಾವಲಿಯ ದೋಸೆಯನ್ನು ಸಟ್ಟುಗದಿಂದ ಎಬ್ಬಿಸಿದ ಹಾಗೆ. ಮಣ್ಣು ಹಲ್ಲುಗಳ ಸಂದಿಯಲ್ಲಿ ಜರಡಿ ಹಿಡಿದಂತೆ ಸೋರುತ್ತದೆ. ಬಾಂಬ್ ಸೋರುವಷ್ಟು ಚಿಕ್ಕದಲ್ಲ, ಓರೆ ಹಲಗೆಯ ಮೇಲೆ ಜಾರಿ ಬದಿಗೆ ಬೀಳುತ್ತದೆ. ಅಲ್ಲಿ ಅದು ಇನ್ನೂ ಜೀವಂತ, ಆದರೆ ದಾರಿಯಲ್ಲಿಲ್ಲ.

ಎತ್ತಿನ ನೇಗಿಲಿನ ಹಿಂದೆ ಆಳ ನೋಡಿಕೊಳ್ಳುವ ಮನುಷ್ಯ ಇರುತ್ತಾನೆ. ಇಲ್ಲಿ ಅವನಿಲ್ಲ. ಅವನ ಬದಲಿಗೆ ನೆಲದ ಮೇಲೆ ಜಾರುತ್ತಾ ಸಾಗುವ ಉಕ್ಕಿನ ಪಾದ. ನೆಲ ಏರಿದರೆ ಪಾದ ಏರುತ್ತದೆ, ಅದರೊಂದಿಗೆ ಹಲ್ಲುಗಳೂ ಏರುತ್ತವೆ. ಕೆಲವು ನೇಗಿಲುಗಳು ಎರಡು ಪಟ್ಟಿಗಳ ಮುಂದೆ ಮಾತ್ರ ಉಳುತ್ತವೆ, ನಡುವೆ ಸರಪಳಿ ತೂಗುತ್ತದೆ. ಟ್ಯಾಂಕಿನ ಹೊಟ್ಟೆಗೆ ತಾಗಲಿ ಎಂದು ಕಡ್ಡಿ ನೆಟ್ಟ ಬಾಂಬ್ ಇದ್ದರೆ, ಹೊಟ್ಟೆಗಿಂತ ಮೊದಲು ಆ ಸರಪಳಿ ಕಡ್ಡಿಯನ್ನು ಬಾಗಿಸಲಿ ಎಂದು.

ಅಡ್ಡಿಯನ್ನೇ ದಾರಿಯಾಗಿಸುವ ಬುದ್ಧಿ ಪ್ರಾಣಿಗಳಿಗೂ ಇದೆ. ಕಾಡಂಚಿನಲ್ಲಿ ತೆಗೆದ ಆನೆ ಕಂದಕವನ್ನು ಆನೆಗಳು ಅಂಚಿನ ಮಣ್ಣು ಕಾಲಿನಿಂದ ಒಳಗೆ ದೂಡಿ, ಇಳಿಜಾರು ಮಾಡಿಕೊಂಡು ದಾಟುತ್ತವೆ. ಬುಲ್ಡೋಜರ್ ಮಾಡುವುದೂ ಅದನ್ನೇ. ಹಳೆಯ ಕೋಟೆ ಬಾಗಿಲುಗಳಿಗೆ ಕಬ್ಬಿಣದ ಮೊಳೆ ಬಡಿದಿರುವುದು ಚಂದಕ್ಕಲ್ಲ, ಹಣೆಯಿಂದ ಗುದ್ದುವ ಆನೆಗೆ. ಸಕ್ರೆಬೈಲಿನ ಬಿಡಾರದಲ್ಲಿ ಆನೆ ಮೀಯುವುದನ್ನು ನೋಡುತ್ತಾ ನಿಂತಾಗೆಲ್ಲ ನನಗೆ ಈ ಮೊಳೆಗಳೇ ನೆನಪಾಗುತ್ತವೆ.

ಕನ್ನಡನಾಡಿನ ಹೆಸರೂ ಈ ಕಥೆಯಲ್ಲಿದೆ. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರುಗಳ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್, ಮದ್ದು ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ದೂರದಿಂದಲೇ ಮುಂದೆ ದೂಡಿ ಸಿಡಿಸುವ ಸಾಧನ ಮಾಡಿದ. ಅದೇ 'ಬೆಂಗಳೂರ್ ಟಾರ್ಪಿಡೊ'. ಮುಳ್ಳುತಂತಿಯ ಬೇಲಿ ಒಡೆಯಲು ಎರಡೂ ಮಹಾಯುದ್ಧಗಳಲ್ಲಿ ಬಳಕೆಯಾಯಿತು. ಇವತ್ತು ಅಮೆರಿಕನ್ನರು ರಾಕೆಟ್ಟಿಗೆ ಮದ್ದಿನ ಹಗ್ಗ ಕಟ್ಟಿ ಹಾರಿಸುತ್ತಾರೆ. ಹಗ್ಗದಲ್ಲಿ ಸುಮಾರು 800 ಕೆಜಿ ಸ್ಫೋಟಕ. ನೆಲಕ್ಕೆ ಬಿದ್ದು ಸಿಡಿದರೆ ನೂರು ಮೀಟರ್ ಉದ್ದ, ಎಂಟು ಮೀಟರ್ ಅಗಲದ ದಾರಿ. ಹಾಗಾದರೂ ಒಂದೆರಡು ನೆಲಬಾಂಬ್ ಉಳಿದಿರಬಹುದು, ಅದಕ್ಕೆ ಹಿಂದೆಯೇ ನೇಗಿಲು ಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಸಿಗುವುದು ಒಂದು ಗಾಡಿಯ ದಾರಿ. ಒಂದು ಮಾರು ಆಚೆ ಹೋದರೆ ಮುಗಿಯಿತು. ಅದಕ್ಕೆ ದಾರಿ ಮಾಡುವ ಗಾಡಿಗಳು ಎರಡೂ ಬದಿಗೆ ಗುರುತಿನ ಕೋಲು ನೆಡುತ್ತಾ ಹೋಗುತ್ತವೆ. ಹಿಂದೆ ಬರುವವರು ರಾತ್ರಿಯಾದರೂ ಹೊಗೆಯಾದರೂ ಆ ಕೋಲುಗಳ ನಡುವೆಯೇ ನಡೆಸಬೇಕು. 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಬಸಂತರ್ ಹೊಳೆಯ ಬಳಿ ನಮ್ಮ ಎಂಜಿನಿಯರುಗಳು ನೆಲಬಾಂಬ್ ತೆಗೆಯುವ ಕೆಲಸ ಅರ್ಧ ಮುಗಿಸಿದ್ದಾಗಲೇ ಪೂನಾ ಹಾರ್ಸ್ ದಳದ ಟ್ಯಾಂಕ್‌ಗಳು ನುಗ್ಗಬೇಕಾಗಿ ಬಂತು. ಗುರುತು ಹಾಕಿದ ದಾರಿ ಮುಗಿದ ಮೇಲೂ ಅವು ಮುಂದೆ ಹೋದವು.

ನಮ್ಮ ಪಿಕಪ್ ಹೋದ ಮೇಲೆ ಭಾವ ಮತ್ತೆ ಬಂದು, ಕಾಲುವೆಯ ಎರಡೂ ಬದಿಗೆ ಗೊಬ್ಬರದ ಗಿಡದ ಎರಡು ಗೂಟ ನೆಟ್ಟರು. "ಹಾಲಿನವನು ಕತ್ತಲಲ್ಲಿ ಬರ್ತಾನೆ" ಎಂದರು. ಕಾಲುವೆ ಮುಚ್ಚಿ ಎಷ್ಟೋ ದಿನವಾಯಿತು. ಗೂಟಗಳು ಚಿಗುರಿ ಈಗ ಎದೆಯೆತ್ತರ ಬಂದಿವೆ.