ವೀಸಾ ಫೈಲಿನಲ್ಲೇ ಉಳಿದುಬಿಡುವ ಪಾಲಿಸಿ

ವಿದೇಶಕ್ಕೆ ಓದಲು ಬಂದಿದ್ದ ಆ ಹುಡುಗ ಕ್ಯಾಂಪಸ್ ಕ್ಲಿನಿಕ್ಕಿಗೆ ಬಂದಾಗ ಜ್ವರ ಶುರುವಾಗಿ ಎಂಟು ದಿನ ಆಗಿತ್ತು. ಮೆಟ್ಟಿಲು ಹತ್ತಿದರೆ ಏದುಸಿರು. "ಯಾಕಪ್ಪ, ಮೊದಲೇ ಬರಬಾರದಿತ್ತಾ?" ಅಂತ ಕೇಳಿದೆ. "ಬಿಲ್ ಎಷ್ಟಾಗುತ್ತೋ ಅಂತ ಹೆದರಿಕೆ ಆಯ್ತು ಡಾಕ್ಟರೇ" ಅಂದ. ಇನ್ಶೂರೆನ್ಸ್ ಇರಲಿಲ್ಲವಾ ಅಂದರೆ, ಇತ್ತು. ವೀಸಾಗೆ ಬೇಕು ಅಂತ ಕೊಂಡಿದ್ದ. ಪಾಲಿಸಿಯ ಪಿಡಿಎಫ್ ಇಮೇಲಿನಲ್ಲಿ ಬಿದ್ದಿತ್ತು, ಒಮ್ಮೆಯೂ ತೆರೆದಿರಲಿಲ್ಲ. ಕ್ಯಾಂಪಸ್ ಕ್ಲಿನಿಕ್ಕಿಗೆ ಅವನು ಒಂದು ಪೈಸೆಯನ್ನೂ ಕೊಡಬೇಕಿರಲಿಲ್ಲ ಅನ್ನುವುದು ಅದರ ಎರಡನೇ ಪುಟದಲ್ಲೇ ಇತ್ತು. ಅಷ್ಟು ಹೊತ್ತಿಗೆ ಅವನ ಜೊತೆ ಅಡುಗೆಮನೆ ಹಂಚಿಕೊಂಡಿದ್ದ ಇಬ್ಬರಿಗೂ ಜ್ವರ ಬಂದಿತ್ತು.

ಕೋವಿಡ್‌ನಂಥ ಸಾಂಕ್ರಾಮಿಕದ ಕಾಲದಲ್ಲಿ ವಿಮೆ ಬೇರೆ, ರೋಗ ತಡೆಯುವುದು ಬೇರೆ ಅಂತ ನನಗೆ ಅನ್ನಿಸುವುದೇ ಇಲ್ಲ. ಬಿಲ್ಲಿಗೆ ಹೆದರಿ ಟೆಸ್ಟ್ ಮಾಡಿಸದೆ ಕೂತವನು ಅಕ್ಕಪಕ್ಕದ ಕೋಣೆಗಳಿಗೂ ಸೋಂಕು ಹಂಚುತ್ತಾನೆ. ಪಾಲಿಸಿಯನ್ನು ಆರೋಗ್ಯವಾಗಿದ್ದಾಗಲೇ ಓದಿ ಅಂತ ನಾನು ಜೀವ ತಿನ್ನುವುದು ಇದಕ್ಕೇ. 103 ಡಿಗ್ರಿ ಜ್ವರದಲ್ಲಿ ಅದನ್ನು ಯಾರೂ ಓದಲಾರರು.

ಮೊದಲನೆಯ ಗೊಂದಲ: ಒಂದೊಂದು ದೇಶದ್ದು ಒಂದೊಂದು ಲೆಕ್ಕ. ಆಸ್ಟ್ರೇಲಿಯಾದಲ್ಲಿ ವಿದ್ಯಾರ್ಥಿ ವೀಸಾದ ಉದ್ದಕ್ಕೂ ಓಎಸ್‌ಎಚ್‌ಸಿ ಅನ್ನುವ ವಿಮೆ ಇರಲೇಬೇಕು. ಬ್ರಿಟನ್ನಿನಲ್ಲಿ ವೀಸಾ ಅರ್ಜಿಯ ಜೊತೆಗೇ ಆರೋಗ್ಯ ಸರ್‌ಚಾರ್ಜ್ ಕಟ್ಟಿಸಿಕೊಳ್ಳುತ್ತಾರೆ, ಆಮೇಲೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ನಿಮಗೂ ಸಿಗುತ್ತದೆ. ಜಪಾನ್‌ನಲ್ಲಿ ಮೂರು ತಿಂಗಳಿಗಿಂತ ಜಾಸ್ತಿ ಇರುವ ವಿದ್ಯಾರ್ಥಿ ರಾಷ್ಟ್ರೀಯ ವಿಮೆಗೆ ಸೇರಬೇಕು, ಬಿಲ್ಲಿನಲ್ಲಿ ಸಾಮಾನ್ಯವಾಗಿ 30% ಕೈಯಿಂದ ಕೊಡಬೇಕು. ಜರ್ಮನಿಯಲ್ಲಿ 30 ವರ್ಷದೊಳಗಿನವರಿಗೆ ಸರ್ಕಾರಿ ವಿಮೆ ಕಡಿಮೆ ದರದಲ್ಲಿ ಸಿಗುತ್ತದೆ. ಆದರೆ ಅಗ್ಗ ಅಂತ ಖಾಸಗಿ ವಿಮೆಗೆ ಹೋದರೆ ಓದು ಮುಗಿಯುವವರೆಗೆ ವಾಪಸ್ ಬರುವುದು ಬಹಳ ಕಷ್ಟ. ಅಮೆರಿಕದ್ದು ಇನ್ನೂ ವಿಚಿತ್ರ. ವಿನಿಮಯ ಕಾರ್ಯಕ್ರಮದಲ್ಲಿ ಬರುವ ಜೆ-1 ವೀಸಾದವರಿಗೆ ಒಂದು ಕಾಯಿಲೆಗೆ ಕನಿಷ್ಠ 1,00,000 ಡಾಲರ್ ರಕ್ಷಣೆ ಇರಬೇಕು ಅನ್ನುವ ಕೇಂದ್ರದ ನಿಯಮವಿದೆ. ಸಾಮಾನ್ಯ ವಿದ್ಯಾರ್ಥಿ ವೀಸಾ ಎಫ್-1 ನವರಿಗೆ ಅಂಥ ನಿಯಮವೇ ಇಲ್ಲ, ಅವರವರ ವಿಶ್ವವಿದ್ಯಾಲಯ ಹೇಳಿದ್ದೇ ನಿಯಮ.

ನಾನು ನೋಡಿದವರಲ್ಲಿ ಜಾಸ್ತಿ ಮೋಸ ಹೋಗಿರುವುದು ಟ್ರಾವೆಲ್ ಇನ್ಶೂರೆನ್ಸನ್ನೇ ಆರೋಗ್ಯ ವಿಮೆ ಅಂದುಕೊಂಡವರು. ಅದು ಪ್ರವಾಸಿಗಾಗಿ ಮಾಡಿದ್ದು. ತುರ್ತು ಚಿಕಿತ್ಸೆ ಕೊಡಿಸುತ್ತದೆ, ಊರಿಗೆ ಹೊರಡುವಷ್ಟು ಸುಧಾರಿಸಿದರೆ ಅದರ ಕೆಲಸ ಮುಗಿಯಿತು. ಎರಡು ವರ್ಷ ಓದಲು ಬಂದವರಿಗೆ ಬೇಕಾದ್ದು ಅದಲ್ಲ. ಮೊದಲಿನಿಂದ ಇದ್ದ ಆಸ್ತಮಾ, ಸಕ್ಕರೆ ಕಾಯಿಲೆ ಅದರಲ್ಲಿ ಬಹಳ ಸಲ ಸೇರಿರುವುದಿಲ್ಲ. ಹಳೆಯ ಪಾಲಿಸಿಗಳಲ್ಲಿ 'ಸಾಂಕ್ರಾಮಿಕದಿಂದ ಆದ ವೆಚ್ಚ ಸೇರುವುದಿಲ್ಲ' ಅನ್ನುವ ಸಾಲು ಒಳಗೆಲ್ಲೋ ಸಣ್ಣಕ್ಷರದಲ್ಲಿ ಇರುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್ 11ರಂದು ಕೋವಿಡ್ಡನ್ನು ಜಾಗತಿಕ ಸಾಂಕ್ರಾಮಿಕ ಅಂತ ಕರೆದ ಮೇಲೆ ಆ ಸಾಲು ಎಷ್ಟೋ ಜನರ ಕಣ್ಣಿಗೆ ಮೊದಲ ಸಲ ಬಿತ್ತು. ಕೊಳ್ಳುವ ಮುಂಚೆ ಹುಡುಕಬೇಕಾದ ಸಾಲು ಅದು. ಸಿಗದಿದ್ದರೆ ಕಂಪನಿಗೆ ಇಮೇಲಿನಲ್ಲಿ ಕೇಳಿ. ಫೋನಿನಲ್ಲಿ ಅವರು ಹೇಳಿದ್ದಕ್ಕೆ ನಿಮ್ಮ ಕೈಯಲ್ಲಿ ಪುರಾವೆ ಇರುವುದಿಲ್ಲ.

ಇನ್ನೊಂದು, ದಿನಾಂಕ. ನೀವು ಇಳಿದದ್ದು 18ಕ್ಕೆ, ವಿಮೆ ಶುರುವಾಗುವುದು ತರಗತಿ ಆರಂಭವಾಗುವ 1ಕ್ಕೆ ಅಂತಿಟ್ಟುಕೊಳ್ಳಿ. ನಡುವಿನ ಸುಮಾರು ಎರಡು ವಾರ ನಿಮಗೆ ಯಾವ ರಕ್ಷಣೆಯೂ ಇಲ್ಲ. ವಿಮಾನ, ಬಸ್ಸು, ಹೊಸ ಕೋಣೆ, ಹೊಸ ಜನ ಎಲ್ಲ ಒಟ್ಟಿಗೆ ಆಗುವ ದಿನಗಳೇ ಅವು. ಆ ದಿನಗಳಿಗೆ ಬೇಕಾದರೆ ಟ್ರಾವೆಲ್ ಇನ್ಶೂರೆನ್ಸ್ ಕೊಳ್ಳಿ, ಅದು ಕೆಲಸಕ್ಕೆ ಬರುವ ಜಾಗ ಅಂದರೆ ಇದೊಂದೇ. ಹಾಗೆಯೇ ಒಂದು ಸೆಮಿಸ್ಟರ್ ರಜೆ ಹಾಕಿದರೆ, ಅಥವಾ ಮನೆಗೆ ಮರಳಿ ಆನ್‌ಲೈನ್ ಪಾಠ ಕೇಳಿದರೆ ವಿಮೆ ನಡೆಯುತ್ತಾ ಅಂತ ನೋಡಿ. ಎಷ್ಟೋ ಪಾಲಿಸಿಗಳು ಆ ದೇಶದ ಗಡಿ ದಾಟಿದ ಕೂಡಲೇ ಸುಮ್ಮನಾಗಿಬಿಡುತ್ತವೆ.

ದುಡ್ಡಿನ ಲೆಕ್ಕ ಕಷ್ಟವೇನಲ್ಲ. ವರ್ಷದಲ್ಲಿ ಮೊದಲು ನೀವೇ ಭರಿಸಬೇಕಾದ ಮೊತ್ತ ಡಿಡಕ್ಟಿಬಲ್. ಅದು 500 ಡಾಲರ್, ಆಮೇಲಿನದರಲ್ಲಿ ನಿಮ್ಮ ಪಾಲು 20% ಅಂದುಕೊಳ್ಳಿ. 2,000 ಡಾಲರ್ ಬಿಲ್ ಬಂದರೆ ಮೊದಲ 500 ನಿಮ್ಮದು, ಉಳಿದ 1,500ರಲ್ಲಿ 300 ನಿಮ್ಮದು. ಒಟ್ಟು 800. ವಿಮೆ ಇದ್ದೂ ಇಷ್ಟಾ ಅಂತ ಬೇಜಾರಾಗುತ್ತದೆ, ನಿಜ. ಪ್ರೀಮಿಯಂ ಕಡಿಮೆ ಇರುವ ಪಾಲಿಸಿಗಳು ಬಹುಪಾಲು ಡಿಡಕ್ಟಿಬಲ್ ಹೆಚ್ಚಿಟ್ಟೇ ಅಗ್ಗವಾಗಿರುತ್ತವೆ. ನಿಮ್ಮ ಕಂಪನಿಯ ನೆಟ್‌ವರ್ಕಿನಲ್ಲಿ, ಅಂದರೆ ಅದು ಒಪ್ಪಂದ ಮಾಡಿಕೊಂಡ ಆಸ್ಪತ್ರೆಗಳ ಪಟ್ಟಿಯಲ್ಲಿ, ಇಲ್ಲದ ಆಸ್ಪತ್ರೆಗೆ ಹೋದರೆ ಈ ಲೆಕ್ಕವೂ ನಿಲ್ಲುವುದಿಲ್ಲ. ಕ್ವಾರಂಟೈನ್‌ನ ಹೋಟೆಲ್ ಬಾಡಿಗೆಯನ್ನು ಆರೋಗ್ಯ ವಿಮೆ ಕೊಡುತ್ತದೆ ಅಂತ ನಂಬಿ ಕೂರಬೇಡಿ, ಅದು ಚಿಕಿತ್ಸೆ ಅಲ್ಲ ಅಂತಲೇ ಸಾಮಾನ್ಯವಾಗಿ ಹೇಳುತ್ತಾರೆ.

ಸಾಂಕ್ರಾಮಿಕ ಬಂದಾಗ ಸರ್ಕಾರಗಳೇ ಕೆಲವು ಖರ್ಚು ಹೊರುತ್ತವೆ, ಇದನ್ನು ಮರೆಯಬೇಡಿ. ಇಂಗ್ಲೆಂಡ್‌ನಲ್ಲಿ ಕೋವಿಡ್ ಪರೀಕ್ಷೆ, ಚಿಕಿತ್ಸೆ ಎರಡೂ ವಿದೇಶಿಯರಿಗೆ ಉಚಿತವಾಗಿದ್ದವು. ಅಮೆರಿಕದಲ್ಲಿ ಲಸಿಕೆಗೆ ವೀಸಾ ಯಾವುದು ಅಂತ ನೋಡಲಿಲ್ಲ. ಇದು ಗೊತ್ತಿಲ್ಲದೆ ಮನೆಯಲ್ಲೇ ಕೂತವರನ್ನು ನಾನು ಬಲ್ಲೆ.

ಲಸಿಕೆಯ ವಿಷಯದಲ್ಲಿ ಇನ್ನೊಂದು ಪೇಚಾಟವಿತ್ತು. 2021ರಲ್ಲಿ ಕೋವ್ಯಾಕ್ಸಿನ್ ಅಥವಾ ಸ್ಪುಟ್ನಿಕ್ ಹಾಕಿಸಿಕೊಂಡು ಬಂದವರಿಗೆ ಅಮೆರಿಕದ ಎಷ್ಟೋ ಕಾಲೇಜುಗಳು ಮತ್ತೆ ಲಸಿಕೆ ಹಾಕಿಸಿಕೊಳ್ಳಲು ಹೇಳಿದವು. ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಬಳಕೆ ಪಟ್ಟಿಯಲ್ಲಿ ಆಗ ಅವು ಇರಲಿಲ್ಲ. ಕೋವ್ಯಾಕ್ಸಿನ್ ಅದಕ್ಕೆ ಸೇರಿದ್ದು ಆ ವರ್ಷದ ನವೆಂಬರ್ 3ರಂದು. ಯಾವ ಲಸಿಕೆ, ಯಾವ ದಿನ, ಯಾವ ಬ್ಯಾಚ್ ಅನ್ನುವ ದಾಖಲೆಯನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡೇ ವಿಮಾನ ಹತ್ತಿ. ದಡಾರ ಮತ್ತು ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಲಸಿಕೆಗಳದ್ದೂ ಇರಲಿ. ಹಾಸ್ಟೆಲ್ಲಿನಂಥ ಜಾಗದಲ್ಲಿ ಅವು ಬೇಗ ಹಬ್ಬುವ ಕಾಯಿಲೆಗಳು.

ಇನ್ನು ಕೋಣೆ. ಮೇಜು ಒರೆಸಿ ಒರೆಸಿ ಕೈ ಸವೆಸಿಕೊಂಡ ವಿದ್ಯಾರ್ಥಿಗಳು ಕಿಟಕಿಯನ್ನು ಮಾತ್ರ ತೆರೆಯುತ್ತಿರಲಿಲ್ಲ, ಚಳಿ ಅಂತ. ಕೋವಿಡ್ ವೈರಸ್ ಮುಖ್ಯವಾಗಿ ಗಾಳಿಯಲ್ಲೇ ಹರಡುತ್ತದೆ. ಎದುರುಬದುರು ಇರುವ ಕಿಟಕಿ, ಬಾಗಿಲು ಹತ್ತು ನಿಮಿಷ ತೆರೆದರೂ ಕೋಣೆಯ ಗಾಳಿ ಸಾಕಷ್ಟು ಬದಲಾಗುತ್ತದೆ. ಅಡುಗೆಮನೆಯೊಂದೇ ಇದ್ದರೆ ಸರದಿ ಮಾಡಿಕೊಳ್ಳಿ, ಒಟ್ಟಿಗೆ ಕೂತು ಉಣ್ಣುವುದನ್ನು ಕೆಲ ದಿನ ಬಿಡಿ. ಮಾಸ್ಕ್ ಹಾಕಿಕೊಂಡು ಊಟ ಮಾಡೋಕಾಗಲ್ಲ, ಅಲ್ವಾ?

ಜೊತೆಗಿರುವವರೊಂದಿಗೆ ಮೊದಲೇ ಮಾತಾಡಿಟ್ಟುಕೊಳ್ಳಿ: ನನಗೆ ಜ್ವರ ಬಂದರೆ ಬಾಗಿಲ ಹೊರಗೆ ಊಟ ಇಡುವವರು ಯಾರು, ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದು ಮನೆಗೆ ಒಂದಿದ್ದರೆ ಸಾಕು. ಅಳತೆ 93-94%ಗೆ ಬಂದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. 92 ಅಥವಾ ಅದಕ್ಕಿಂತ ಕಡಿಮೆಯಾದರೆ ಆಂಬುಲೆನ್ಸ್ ಕರೆಯಿರಿ. ಕಪ್ಪು ಚರ್ಮದವರಲ್ಲಿ ಈ ಯಂತ್ರ ಇರುವುದಕ್ಕಿಂತ ಜಾಸ್ತಿ ತೋರಿಸುವುದುಂಟು, ಉಗುರು ಬಣ್ಣವಿದ್ದರೂ ಎಡವಟ್ಟು. ಹಾಗಾಗಿ ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ಅಂಕಿ ಚೆನ್ನಾಗಿದೆ ಅಂತ ಕಾಯಬೇಡಿ.

ಆ ಹುಡುಗ ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಕ್ಲಿನಿಕ್ಕಿಗೆ ಬಂದ. ವಿಮೆ ಕಾರ್ಡಿನ ಎರಡೂ ಬದಿಯ ಫೋಟೋ, ಕಂಪನಿಯ 24 ಗಂಟೆಯ ನಂಬರ್, ಹತ್ತಿರದ ನೆಟ್‌ವರ್ಕ್ ಆಸ್ಪತ್ರೆಯ ವಿಳಾಸ, ಮೂರನ್ನೂ ಒಂದೇ ಚಿತ್ರವಾಗಿ ಮಾಡಿ ಫೋನಿನ ವಾಲ್‌ಪೇಪರ್ ಮಾಡಿಕೊಂಡಿದ್ದ. "ಮೂರು ತಿಂಗಳ ಮಟ್ಟಿಗೆ ಇರಲಿ ಡಾಕ್ಟರೇ, ಚೆನ್ನಾಗೇನೂ ಕಾಣಲ್ಲ" ಅಂದ.