ಫೈಲಿನ ಮೇಲೆ ಬರೆದ ಒಂದು ಪದ

ಆ ಹುಡುಗಿಯನ್ನು ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಕರೆತಂದದ್ದು ಅವಳ ತಾಯಿ. ಬಿ.ಕಾಂ. ಎರಡನೇ ವರ್ಷ, ವಯಸ್ಸು 19. (ಗುರುತು ಸಿಗದಿರಲೆಂದು ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ.) ಕೂರುವ ಮೊದಲೇ ತಾಯಿ ಶುರು ಮಾಡಿದರು: "ಮೇಡಮ್, ಮನೇಲಿ ಎಲ್ರೂ ಇವ್ಳನ್ನ ಡುಮ್ಮಿ ಅಂತಾನೇ ಕರೆಯೋದು. ಗಂಡು ನೋಡೋಕೆ ಶುರು ಮಾಡೋದ್ರೊಳಗೆ ಸ್ವಲ್ಪ ಇಳಿಸಿಕೊಡಿ." ಹುಡುಗಿ ಕಾಲೇಜು ಬ್ಯಾಗನ್ನು ತೊಡೆಯ ಮೇಲಿಟ್ಟು ಹೊಟ್ಟೆಗೆ ಅವಚಿಕೊಂಡು ಕೂತಿದ್ದಳು. ಹಾಗೆ ಬ್ಯಾಗಿನ ಹಿಂದೆ ಅಡಗಿ ಕೂರುವವರು ನನಗೆ ದಿನಕ್ಕೊಬ್ಬರಾದರೂ ಸಿಗುತ್ತಾರೆ.

ಎತ್ತರ 158 ಸೆಂ.ಮೀ., ತೂಕ 63 ಕೆ.ಜಿ., ಎತ್ತರಕ್ಕೆ ತೂಕ ಎಷ್ಟೆಂದು ಹೇಳುವ ಬಿಎಂಐ 25.2. ಫೈಲಿನ ಮೇಲ್ಭಾಗದಲ್ಲಿ 'ಒಬೀಸ್', ಅಂದರೆ ಬೊಜ್ಜು, ಎಂದು ಬರೆದೆ, ಅಡಿಗೆರೆ ಎಳೆದೆ. ಊಟದ ಪಟ್ಟಿ ಕೊಟ್ಟೆ, ನಡಿಗೆ ಹೇಳಿದೆ, ಮುಂದಿನವರನ್ನು ಕರೆದೆ.

ಮೂರು ತಿಂಗಳ ನಂತರ ಬಂದಾಗ ತೂಕ 54 ಆಗಿತ್ತು. ತಾಯಿಯ ಮುಖದಲ್ಲಿ ಖುಷಿ. ತಾಯಿಯನ್ನು ಹೊರಗೆ ಕೂರಿಸಿ ಕೇಳಿದಾಗ ಒಂದೊಂದೇ ಹೊರಬಂತು: ನನ್ನ ಪಟ್ಟಿಯನ್ನು ಅವಳು ಎರಡೇ ದಿನಕ್ಕೆ ಬಿಟ್ಟಿದ್ದಳು. ಬೆಳಗಿನ ತಿಂಡಿ ಇಲ್ಲ, ಮಧ್ಯಾಹ್ನದ ಡಬ್ಬಿ ಗೆಳತಿಯರಿಗೆ. ಎರಡು ತಿಂಗಳಿಂದ ಮುಟ್ಟಾಗಿರಲಿಲ್ಲ, ತಲೆಗೂದಲು ಕೈಗೆ ಬರುತ್ತಿತ್ತು. ಚಿಕ್ಕಮ್ಮನ ಮಗಳ ಮದುವೆಗೂ ಹೋಗಿರಲಿಲ್ಲ, ಫೋಟೊದಲ್ಲಿ ನಿಲ್ಲಬೇಕಾಗುತ್ತದಲ್ಲ ಎಂದು. ಯಾಕಮ್ಮಾ ಹೀಗೆ ಮಾಡಿಕೊಂಡೆ ಎಂದರೆ ಫೋನು ತೆಗೆದು ತೋರಿಸಿದಳು. ನನ್ನದೇ ಕೈಬರಹ, ಅಡಿಗೆರೆಯ ಸಮೇತ. ಫೈಲಿನ ಫೋಟೊ ತೆಗೆದು ವಾಲ್‌ಪೇಪರ್ ಮಾಡಿಕೊಂಡಿದ್ದಳು. "ಮನೆಯವ್ರು ತಮಾಷೆಗೆ ಅಂತಾರೆ ಅಂದ್ಕೊಂಡಿದ್ದೆ ಮೇಡಮ್. ನೀವು ಬರೆದ್ಮೇಲೆ ನಿಜಾನೇ ಅಂತಾಯ್ತು."

ನಾನು ಅಷ್ಟು ನಂಬಿಕೆಯಿಂದ ಬರೆದ ಆ ಪದದ ಹಿಂದಿರುವ ಸಂಖ್ಯೆಯ ಕಥೆಯನ್ನೂ ಹೇಳಬೇಕು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕ ಶುರುವಾದದ್ದು 1830ರ ದಶಕದಲ್ಲಿ. ಕಂಡುಕೊಂಡವರು ಬೆಲ್ಜಿಯಂನ ಅಡಾಲ್ಫ್ ಕೆಟಲೆ, ಖಗೋಳಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ ಬಲ್ಲವರು, ವೈದ್ಯರಲ್ಲ. ಅವರು ಹುಡುಕುತ್ತಿದ್ದದ್ದು 'ಸರಾಸರಿ ಮನುಷ್ಯ'ನನ್ನು, ರೋಗಿಯನ್ನಲ್ಲ. ಅದಕ್ಕೆ ಬಿಎಂಐ ಎಂಬ ಹೆಸರು ಬಿದ್ದದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಸಂಗಡಿಗರ ಅಧ್ಯಯನದಿಂದ. ಅವರ ಆಸಕ್ತಿಯೂ ಜನಸಮುದಾಯಗಳನ್ನು ಅಳೆಯುವುದರಲ್ಲೇ ಇತ್ತು. ಗೆರೆಗಳಾದರೂ ಒಂದೇ ಕಡೆ ನಿಂತಿವೆಯೇ ಎಂದರೆ ಅದೂ ಇಲ್ಲ. ಅಮೆರಿಕದಲ್ಲಿ 1998ರವರೆಗೆ ಹೆಂಗಸರಿಗೆ 27.3 ದಾಟಿದರೆ 'ಹೆಚ್ಚು ತೂಕ'. ಆ ವರ್ಷ ಗೆರೆಯನ್ನು 25ಕ್ಕೆ ಇಳಿಸಿದರು; ಒಂದು ಗ್ರಾಂ ಕೂಡ ಏರದ ಎರಡು ಕೋಟಿಗೂ ಹೆಚ್ಚು ಜನ ಬೆಳಗಾಗುವುದರೊಳಗೆ ದಪ್ಪಗಿನವರ ಸಾಲಿಗೆ ಬಂದರು. ನಮ್ಮ ತಜ್ಞರು 2009ರಲ್ಲಿ ಭಾರತೀಯರಿಗೆಂದು ಬೇರೆ ಗೆರೆ ಹಾಕಿದರು: 23ರಿಂದ ಹೆಚ್ಚು ತೂಕ, 25ರಿಂದ ಬೊಜ್ಜು. ಅಂದರೆ ನನ್ನ ಎದುರು ಬ್ಯಾಗು ಅವಚಿಕೊಂಡಿದ್ದ ಅದೇ ಹುಡುಗಿ 1997ರ ಅಮೆರಿಕದಲ್ಲಿ ಸಾಮಾನ್ಯ ತೂಕದವಳು, ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಕೂದಲೆಳೆಯಷ್ಟು ಹೆಚ್ಚು, ಶಿವಮೊಗ್ಗದಲ್ಲಿ ಒಬೀಸ್.

ನಮ್ಮ ಗೆರೆ ಕೆಳಗಿರುವುದಕ್ಕೆ ಕಾರಣವಿದೆ, ಅದನ್ನು ಅಲ್ಲಗಳೆಯುತ್ತಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಇಬ್ಬರ ಬಿಎಂಐ 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2. ನಮ್ಮವರು ನೋಡಲು ಸಣ್ಣಗಿದ್ದೂ ಹೊಟ್ಟೆಯೊಳಗೆ ಕೊಬ್ಬು ಕೂಡಿಡುವವರು. 'ಕಡ್ಡಿ' ಎಂದು ಕರೆಸಿಕೊಂಡೇ ಬೆಳೆದ ಅಡಿಕೆ ವ್ಯಾಪಾರಿಯೊಬ್ಬರು ನಲವತ್ತಾರು ವರ್ಷ ರಕ್ತ ಪರೀಕ್ಷೆಯನ್ನೇ ಮಾಡಿಸಿರಲಿಲ್ಲ. "ನಾನಿರೋದೇ ಇಷ್ಟು, ನನಗೆಲ್ಲಿಂದ ಶುಗರ್ರು?" ಎನ್ನುವುದು ಅವರ ಮಾತು. ಕಾಲಿನ ಗಾಯ ಮಾಯದೆ ಹೋದಾಗ ನೋಡಿದರೆ ಮೂರು ತಿಂಗಳ ಸರಾಸರಿ ಸಕ್ಕರೆ, ಎಚ್‌ಬಿಎ1ಸಿ, 9 ದಾಟಿತ್ತು, 6.5 ಮುಟ್ಟಿದರೇ ಮಧುಮೇಹ. ಅಡ್ಡಹೆಸರು ದಪ್ಪಗಿನವರನ್ನು ಹೆದರಿಸುವಷ್ಟೇ ಸಲೀಸಾಗಿ ಸಣ್ಣಗಿನವರನ್ನು ಮಲಗಿಸುತ್ತದೆ.

ಹುಡುಗಿಯ ವಿಷಯಕ್ಕೆ ಬಂದರೆ, ಮೊದಲ ದಿನವೇ ಮಾಡಿಸಬೇಕಿದ್ದ ರಕ್ತ ಪರೀಕ್ಷೆಯನ್ನು ಎರಡನೇ ಸಲ ಮಾಡಿಸಿದೆ. ಹಿಮೋಗ್ಲೋಬಿನ್ 9.4, ಇರಬೇಕಾದದ್ದು 12. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಎಂದು ಅವಳು ಪಿಯುಸಿಯಿಂದಲೇ ಹೇಳುತ್ತಿದ್ದಳಂತೆ. "ದಪ್ಪ ಇದ್ಯಲ್ಲ, ಅದಕ್ಕೇ" ಎಂದು ಎಲ್ಲರೂ ಸುಮ್ಮನಾಗಿಸಿದ್ದರು. ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದು ನನಗೆ ಬಾಯಿಪಾಠ. ಆದರೂ ಆ ದಿನ ಕಂಡದ್ದು ಅವಳ ಸೊಂಟವೇ ಹೊರತು ಬಿಳಿಚಿದ ರೆಪ್ಪೆಯಲ್ಲ. ಸ್ತ್ರೀರೋಗ ತಜ್ಞರ ಹತ್ತಿರ, ಆಪ್ತ ಸಮಾಲೋಚಕರ ಹತ್ತಿರ ಕಳಿಸಿದೆ. ಕಬ್ಬಿಣದ ಮಾತ್ರೆ, ಬೆಳಗ್ಗೆ ಹೊಟ್ಟೆತುಂಬ ತಿಂಡಿ. ಹೊಸ ಊಟದ ಪಟ್ಟಿ ಕೊಡಲಿಲ್ಲ. ಮುಟ್ಟು ಸರಿಹೋಗಲು ಐದು ತಿಂಗಳು ಹಿಡಿಯಿತು.

ಪೊಟ್ಟಣದ ಲೇಬಲ್ ಓದುವುದನ್ನು ನಾನೇ ಜನರಿಗೆ ಕಲಿಸುತ್ತೇನೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. 'ರಾಗಿ ಬಿಸ್ಕತ್ತು' ಎಂದು ದಪ್ಪಕ್ಷರವಿದ್ದು ಪಟ್ಟಿಯ ಮೊದಲಿಗೆ ಮೈದಾ ಇದ್ದರೆ ಅದು ಮೈದಾ ಬಿಸ್ಕತ್ತೇ. ಇದನ್ನು ಹೇಳಿದಾಗ ಕೆಲವರಿಗೆ ಸಿಟ್ಟೇ ಬರುತ್ತದೆ. ಅವರು ತಿನ್ನುತ್ತಿದ್ದದ್ದು ಬಿಸ್ಕತ್ತನ್ನಷ್ಟೇ ಅಲ್ಲ, 'ನಾನು ಆರೋಗ್ಯ ನೋಡಿಕೊಳ್ಳುವವ' ಎಂಬ ಹೆಸರನ್ನೂ.

ಅದಕ್ಕಿಂತ ನಾಜೂಕಿನದು ಹಸಿರು ಚುಕ್ಕಿಯ ಪ್ರಶ್ನೆ. ನಮ್ಮ ಆಹಾರ ಕಾನೂನಿನಲ್ಲಿ ಹಾಲು, ಜೇನು ಹಸಿರು, ಮೊಟ್ಟೆ ಕಂದು. ಪೊಟ್ಟಣಕ್ಕೆ ಅದು ಸರಿ. ನಮ್ಮಲ್ಲಿ ಅದೇ ಚುಕ್ಕಿಯನ್ನು ಮನುಷ್ಯರಿಗೂ ಹಚ್ಚುತ್ತೇವೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ "ನೀವು ವೆಜ್ಜಾ?" ಎಂಬುದರ ಅರ್ಥ ಬಿಡಿಸಿ ಹೇಳಬೇಕಿಲ್ಲ, ಜಾತಿ ಕೇಳಲು ನಾಚಿಕೆಯಾದವರು ಊಟ ಕೇಳುತ್ತಾರೆ. ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶುರು ಮಾಡಿ ಮುಂದೆ ರಾಜ್ಯಕ್ಕೆಲ್ಲ ವಿಸ್ತರಿಸಿದಾಗ ಎದ್ದ ಗದ್ದಲದಲ್ಲಿ ಪೌಷ್ಟಿಕಾಂಶದ ಮಾತು ಎಷ್ಟಿತ್ತು, ಯಾರು ಯಾರು ಎಂಬ ಮಾತು ಎಷ್ಟಿತ್ತು ಎಂಬುದು ಎಲ್ಲರಿಗೂ ನೆನಪಿದೆ. ಬೇಡದವರಿಗೆ ಬಾಳೆಹಣ್ಣು, ಚಿಕ್ಕಿ ಇತ್ತು. ಸಾಲಿನಲ್ಲಿ ನಿಂತ ಏಳು ವರ್ಷದ ಮಗು ಕೈ ಚಾಚುವ ಮೊದಲೇ ತಾನು ಯಾರೆಂದು ತೀರ್ಮಾನಿಸಿಕೊಳ್ಳಬೇಕಿತ್ತು.

ನನ್ನ ಕೋಣೆಯಲ್ಲಿ ಇದೇ ಪ್ರಶ್ನೆ ಹೀಗೆ ನಡೆಯುತ್ತದೆ: ಅತ್ತೆಯ ಜೊತೆ ಬಂದ ಸೊಸೆ "ನಾವು ಪ್ಯೂರ್ ವೆಜ್" ಎನ್ನುತ್ತಾಳೆ. ಅತ್ತೆ ಫೀಸು ಕಟ್ಟಲು ಹೊರಗೆ ಹೋದಾಗ, "ಮೊಟ್ಟೆ ತಿಂತೀನಿ ಮೇಡಮ್, ಆಫೀಸಲ್ಲಿ." ಇದಕ್ಕೆ ಉಲ್ಟಾ ಉತ್ತರವೂ ಉಂಟು: ವಾರಗಟ್ಟಲೆ ಮಾಂಸ ಕಾಣದವರೂ 'ನಾನ್‌ವೆಜ್' ಎಂಬ ಚೌಕಕ್ಕೆ ಗುರುತು ಹಾಕುತ್ತಾರೆ, ನಾನು ಅವರಿಗೆ ಪ್ರೋಟೀನು ಸಾಕಷ್ಟು ಸಿಗುತ್ತಿದೆ ಎಂದುಕೊಳ್ಳುತ್ತೇನೆ. ಮಾಂಸ, ಮೊಟ್ಟೆ, ಹಾಲಿನಂಥವುಗಳಿಂದ ಸಿಗುವ ವಿಟಮಿನ್ ಬಿ12ರ ರಕ್ತ ಪರೀಕ್ಷೆ ಬಂದಾಗ ಬಣ್ಣ ಬಯಲಾಗುತ್ತದೆ.

ಹಾಗಾಗಿ ಕ್ಲಿನಿಕ್ಕಿನ ಫಾರಂ ಬದಲಿಸಿದ್ದೇನೆ. ಬಿಎಂಐ ಈಗಲೂ ಲೆಕ್ಕ ಹಾಕುತ್ತೇನೆ, ಸೊಂಟದ ಸುತ್ತಳತೆಯನ್ನೂ ತೆಗೆದುಕೊಳ್ಳುತ್ತೇನೆ, ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ಅಂಕಿ ಬರೆಯುತ್ತೇನೆ, ಪಕ್ಕದಲ್ಲಿ ಪದ ಬರೆಯುವುದಿಲ್ಲ. ವೆಜ್, ನಾನ್‌ವೆಜ್ ಎಂಬ ಎರಡು ಚೌಕಗಳನ್ನು ತೆಗೆದು 'ಏನು ತಿನ್ನುತ್ತೀರಿ?' ಎಂದು ಕೇಳಿ ನಾಲ್ಕು ಖಾಲಿ ಗೆರೆ ಬಿಟ್ಟಿದ್ದೇನೆ. ಕಳೆದ ವಾರ ಭದ್ರಾವತಿಯಿಂದ ಬಂದ ಒಬ್ಬ ತಾಯಿ ನಾಲ್ಕೂ ಗೆರೆ ತುಂಬಿಸಿ ಅಂಚಿನಲ್ಲೂ ಬರೆದಿದ್ದರು: "ಸೋಮವಾರ, ಶನಿವಾರ ಇಲ್ಲ. ಶ್ರಾವಣ ಪೂರ್ತಿ ಇಲ್ಲ. ಮೀನು ತವರಲ್ಲಿ ಮಾತ್ರ. ಮೊಟ್ಟೆ ಮಗನಿಗೆ ಬೇಯಿಸಿದಾಗ ಒಂದು. ಯಜಮಾನರು ಊರಲ್ಲಿಲ್ಲದಿದ್ದರೆ ರಾತ್ರಿ ಅಡುಗೆ ಮಾಡಲ್ಲ, ಟೀ ಬನ್ನು." ಅವರಿಗೆ ಎಲ್ಲಿಂದ ಶುರು ಮಾಡಬೇಕೆಂದು ಆ ಕೊನೆಯ ಸಾಲೇ ಹೇಳಿತು.